ನೂಲುವವಳ ಷೇರು

ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ, ಕನ್ನಡ ಮಾತಿನ ನಮ್ಮ ಬೀದಿಯಲ್ಲಿ ಗಂಡಸರು ಕಂಬಳಿ ನೇಯುತ್ತಿದ್ದರು, ಹೆಂಗಸರು ಉಣ್ಣೆ ನೂಲುತ್ತಿದ್ದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅಪ್ಪನ ಮಗ್ಗಕ್ಕೆ ಕೂತಿದ್ದೆ. ಅಕ್ಕ ನೂಲಿದ್ದನ್ನೇ ನೇಯುತ್ತಿದ್ದೆ. ಪಕ್ಕದ ಮನೆಗೆ ಮಾತಿಗೆ ಹೋದರೂ ಅವಳ ಕೈಯಲ್ಲಿ ಕದಿರು ತಿರುಗುತ್ತಲೇ ಇರುತ್ತಿತ್ತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಸರ್ಕಾರ ನಮ್ಮವರಿಂದ ಸಹಕಾರ ಸಂಘ ಮಾಡಿಸಲು ಹೊರಟಿತು. ಉಣ್ಣೆ ಕೊಳ್ಳುವುದೂ ಕಂಬಳಿ ಮಾರುವುದೂ ಸಂಘವೇ. ಕೂಲಿ ನೇರ ಸದಸ್ಯರ ಕೈಗೆ. ಇನ್ನು ಸಾವುಕಾರರ ಜಗಲಿಯಲ್ಲಿ ಕಾಯುವುದು ತಪ್ಪಿತೆಂದು ಬೀದಿಗೆ ಬೀದಿಯೇ ಚಾವಡಿಗೆ ಬಂದಿತ್ತು. ಆಫೀಸರು ತಲೆಗೊಂದು ಷೇರು ಕೊಟ್ಟು ಸದಸ್ಯರ ಹೆಸರು ಬರೆದುಕೊಳ್ಳುತ್ತಿದ್ದರು. ಬರೀ ಗಂಡಸರ ಹೆಸರೇ ಹೋಗುತ್ತಿರುವುದನ್ನು ನೋಡಿ ಅಕ್ಕ ಎದ್ದು ನಿಂತಳು.

“ಸಾಮಿ, ನೇಯೋರ್ಗೆ ಷೇರು ಕೊಡ್ತೀರಿ, ನೂಲೋರ್ಗೆ ಇಲ್ವಾ? ನಾವ್ ನೂಲ್ದೆ ಇದ್ರೆ ಇವ್ರೇನ್ ಕುರಿ ಮ್ಯಾಲೇ ನೇಯ್ತಾರಾ?”

ಚಾವಡಿಯೇ ನಕ್ಕಿತು. ಆಫೀಸರೂ ನಗುತ್ತ, ತೆಲುಗು ಕನ್ನಡ ಬೆರೆಸಿ ಹೇಳಿದರು: “ಉಂದಮ್ಮಾ, ನೂಲೋರ್ಗೂ ಐತೆ. ಸರ್ಕಾರಕ್ಕೂ ಅದೇ ಬೇಕು. ನಿನ್ ಕೂಲಿ ನಿನ್ ಕೈಗೇ ಬತ್ತೈತೆ. ನಿನ್ ನೂಲು ನೇಯೋನು ಯಾರು? ನೂಲೋದು ನಿನ್ ಕೆಲ್ಸ ಹೌದು ಅಂತ ಅವ್ನು ಅಂದ್ರೆ ಸಾಕು.”

ಎಲ್ಲರೂ ನನ್ನ ಕಡೆ ತಿರುಗಿದರು. ಪಕ್ಕದ ಮನೆಯವನು, “ಇನ್ಮ್ಯಾಕೆ ಬೀಡಿ ಕಾಸಿಗೂ ಅಕ್ಕನ್ನೇ ಕೇಳ್ಬೇಕು ಕಣ್ಲಾ ನೀನು!” ಎಂದ. ಮತ್ತೆ ನಗು. ನನ್ನ ಕಿವಿ ಬಿಸಿಯಾಯಿತು.

“ಅಕ್ಕ ಕೆಲ್ಸ ಅಂತ ನೂಲಾಕಿಲ್ಲ ಸಾಮಿ,” ಎಂದೆ. “ಸುಮ್ಕೆ ಹೊತ್ತು ಹೋಗ್ಲಿ ಅಂತ ನೂಲ್ತಾಳೆ.”

ಆಫೀಸರು ಮುಂದಿನ ಹೆಸರು ಕೇಳಿದರು. ಬಾಯಿ ತೆರೆಯಬೇಕೆಂದಿದ್ದ ಬೇರೆ ಹೆಂಗಸರೂ ಸೆರಗು ಎಳೆದುಕೊಂಡು ಸುಮ್ಮನೆ ಕೂತರು.

ಆ ರಾತ್ರಿ ಮುದ್ದೆ ಬಡಿಸುತ್ತ ಅಕ್ಕ ಒಂದೇ ಸಲ ಕೇಳಿದಳು: “ನಾನ್ ಮಾಡಿದ್ದು ಕೆಲ್ಸ ಅಲ್ಲ ಅಂದ್ರೆ, ಏನಪ್ಪ ಅದು?” ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಸುಗ್ಗಿ ಕಳೆದ ಮೇಲೆ ಅವಳು ಪರಿಚಯದ ಹೆಂಗಸರ ಜೊತೆ ಹಿಂದೂಪುರಕ್ಕೆ, ಹುಣಸೆಹಣ್ಣಿನ ಮಂಡಿಯ ಕೂಲಿಗೆ ಹೋದಳು.

ಆಮೇಲೆ ಮನೆಯಲ್ಲಿ ಮಗ್ಗದ ಸದ್ದೊಂದೇ. ಮಗ್ಗ ನಿಲ್ಲಿಸಿದರೆ ಅದೂ ಇಲ್ಲ. ಸಂಘದಿಂದ ಬಂದ ನೂಲು ಅಲ್ಲಲ್ಲಿ ತುಂಡಾಗುತ್ತಿತ್ತು. ಗಂಟು ಹಾಕುತ್ತ ನಾನು ಗೊಣಗಿದರೆ ತಿರುಗಿ ಬಯ್ಯಲು ಯಾರೂ ಇರಲಿಲ್ಲ. ಉಂಡ ತಟ್ಟೆ ತೊಳೆದಿಟ್ಟರೆ ಮರುದಿನ ಯಾರಾದರೂ ಬೀದಿಯಲ್ಲಿ ಕೂಗುವವರೆಗೆ ಮಾತಿಲ್ಲ.

ಒಂದೆರಡು ವರ್ಷಗಳಲ್ಲಿ ಸಂಘಕ್ಕೆ ನೂಲು ಸಾಲದಾಯಿತು. ನೂಲುವವರನ್ನೂ ಸದಸ್ಯರಾಗಿ ಸೇರಿಸಿಕೊಳ್ಳೋಣವೆಂದ ಅಧ್ಯಕ್ಷರು ಅಕ್ಕನನ್ನು ಕರೆತರಲು ನನ್ನನ್ನೇ ಕಳಿಸಿದರು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡೆ: ಚಾವಡಿಯಲ್ಲಿ ನಾನು ಸುಳ್ಳು ಹೇಳಿದೆ.

ಮಂಡಿಯ ನೆರಳಿನಲ್ಲಿ ಕೂತು ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬೆರಳುಗಳು ಹುಳಿಗೆ ಬಿರಿದಿದ್ದವು. ಅವನ್ನು ನೋಡುತ್ತಲೇ ನನ್ನ ಬಾಯಿಗೆ ಬಂದದ್ದು ಬೇರೆ ಮಾತು.

“ಸೊಸೈಟೀಲಿ ನೂಲೋರು ಸಾಲ್ತಿಲ್ಲ ಕಣಕ್ಕ. ಷೇರು ಕೊಡ್ತಾರಂತೆ, ಬಾ.”

“ಅವ್ರು ಕೊಡ್ತಾರೆ, ಸರಿ. ನೀನೇನಂತೀಯಾ?”

“ಅಧ್ಯಕ್ಷ್ರೇ ಹೇಳವ್ರೆ,” ಎಂದೆ.

ಅವಳು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. “ಇಲ್ಲಿ ಸಂಜಿಕೆ ಮೇಸ್ತ್ರಿ ನನ್ನೆಸ್ರು ಹಿಡ್ದು ಕೂಗ್ತಾನೆ ಕಣಪ್ಪ. ಕೂಲಿ ನನ್ ಕೈಗೇ ಕೊಡ್ತಾನೆ. ನಡಿ, ನಿನ್ ಬಸ್ಸು ಹೊಂಟೋಯ್ತದೆ.”

ಊರಿಗೆ ಬಂದು ಅಧ್ಯಕ್ಷರಿಗೆ, ಅಕ್ಕನಿಗೆ ಮನಸ್ಸಿಲ್ಲವಂತೆ ಎಂದೆ. ಅದೂ ಸುಳ್ಳು. ನನ್ನ ಬಾಯಿಂದ ಒಂದು ಮಾತು ಬರಲೆಂದು ಅವಳು ಕಾದಿದ್ದಳು. ಮತ್ತೆ ಅವಳು ಕಲ್ಯಾಣದುರ್ಗಕ್ಕೆ ಬರಲಿಲ್ಲ. ಆ ವರ್ಷ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಸದಸ್ಯರಾದರು. ಅವರು ಮೊದಲ ಸಲ ಕೂಲಿಗೆ ಸಾಲುಗಟ್ಟಿ ನಿಂತ ದಿನ, ನೇಯ್ದಿಟ್ಟ ಕಂಬಳಿ ಒಪ್ಪಿಸಲೂ ಹೋಗದೆ, ನಾನು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದೆ.