ಮುಗಿಸುವ ಪದ

ದೆವ್ವ, ಶಕುನ ಎಂದವರ ಮುಂದೆಯೇ ನಕ್ಕವನು ನಾನು. ಲಿನಕ್ಸ್ ಸರ್ವರುಗಳನ್ನು, ಅಂದರೆ ಕಂಪನಿಯ ದೊಡ್ಡ ಕಂಪ್ಯೂಟರುಗಳನ್ನು, ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ, ಹುಡುಕುವ ತಾಳ್ಮೆ ಬೇಕಷ್ಟೆ ಎಂದು ಪರದೇಶದ ಈ ಮಾರ್ಕಮ್ ಊರಿನ ಆಫೀಸಿನಲ್ಲಿ ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಆ ಚಳಿಗಾಲ ನನ್ನ ಅಕ್ಕ ಪಕ್ಕದೂರು ಪಿಕರಿಂಗ್‌ನ ನಮ್ಮ ಮನೆಯಲ್ಲಿದ್ದಳು. ಕಾಯಿಲೆ ಬಲಿತಿತ್ತು, ಇನ್ನು ಕೆಲವು ತಿಂಗಳು ಎಂದು ಡಾಕ್ಟರು ಹೇಳಿದ್ದರು. ಧಾರವಾಡದ ನಮ್ಮಜ್ಜಿ ಕಲಿಸಿದ್ದ, ಬೀಸುಕಲ್ಲಿನ ಮುಂದೆ ಕೂತು ಹಾಡುವ ಬೀಸುವ ಪದಗಳು ಈಗ ಅವಳೊಬ್ಬಳ ಬಾಯಲ್ಲಿ ಉಳಿದಿದ್ದವು. ದನಿ ಬಿದ್ದುಹೋಗಿದೆ ಎಂದು ರೆಕಾರ್ಡ್ ಮಾಡಲು ಬಿಡಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಸೋಫಾದಲ್ಲಿ ಒರಗಿಕೊಂಡು ಅವಳು ಹೇಳುತ್ತ ಹೋದಳು, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತ ಹೋದೆ. ನಲವತ್ತು ಪದಗಳಾದವು. ಬೀಸಿ ಮುಗಿದ ಮೇಲೆ ಕಲ್ಲಿಗೆ ಕೈಮುಗಿದು ಹಾಡುವ ಪದ ಮಾತ್ರ ಉಳಿದಿತ್ತು. ಅದನ್ನೂ ಹೇಳು ಎಂದೆ.

“ಅದ ಈಗ ಬ್ಯಾಡೋ ತಮ್ಮಾ. ಅದನ್ನ ಹಾಡಿದ್ರ ಬೀಸೂದ ಮುಗದಂಗ,” ಎಂದಳು.

ಸರಿ ಎಂದು ಸೇವ್ ಕೊಟ್ಟೆ. ತಾತ್ಕಾಲಿಕ ಫೈಲು ಬರೆಯಲಾಗುತ್ತಿಲ್ಲ ಎಂದಿತು ನಾನು ಟೈಪ್ ಮಾಡುತ್ತಿದ್ದ ಎಡಿಟರ್ ಪ್ರೋಗ್ರಾಮು. ಟೈಪ್ ಮಾಡಿದ್ದನ್ನು ಅದು ಮೊದಲು ಅಂಥದೊಂದು ಫೈಲಿನಲ್ಲಿ ಬರೆದಿಟ್ಟುಕೊಂಡೇ ಆಮೇಲೆ ಸೇವ್ ಮಾಡುವುದು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಫೈಲು ಬರೆಯಲು ಬೇಕಾದ ಪರ್ಮಿಶನ್‌ಗಳು ಸರಿಯಿದ್ದವು. ಬೇರೆ ಫೋಲ್ಡರು ತೋರಿಸಿದೆ, ಅಲ್ಲಿಗೂ ಒಲ್ಲೆ ಎಂದಿತು. ಆಗಾಗ ಸೇವ್ ಮಾಡಿ ಎಂದು ಹೊಸಬರಿಗೆ ಹೇಳುವವನೇ ಮಧ್ಯೆ ಒಂದು ಸಲವೂ ಸೇವ್ ಮಾಡಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎರಡು ತಾಸು ಗುದ್ದಾಡಿದೆ. “ಬಿಡೋ, ಅವಕ್ಕ ಅದರಾಗ ಇರೂ ಮನಸ್ಸಿಲ್ಲ,” ಎಂದಳು ಅಕ್ಕ. ಸಿಟ್ಟು ಬಂತು. ಪರದೆಯ ಫೋಟೋ ತೆಗೆದುಕೊಂಡಿದ್ದರೂ ಸಾಕಿತ್ತು. ಆದರೆ ಇಪ್ಪತ್ತು ವರ್ಷದ ಅನುಭವಿಯಲ್ಲವೇ ನಾನು! ಬರೆದದ್ದೆಲ್ಲ ತಾತ್ಕಾಲಿಕ ಫೈಲಿನಲ್ಲಿ ಇದ್ದೇ ಇರುತ್ತದೆ ಎಂಬ ಹಳೆಯ ಅಭ್ಯಾಸದಲ್ಲಿ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿಬಿಟ್ಟೆ. ಪರದೆ ಕಪ್ಪಾದ ಮೇಲೆ ಹೊಳೆಯಿತು, ಎರಡು ತಾಸಿನಿಂದ ಹುಟ್ಟಲು ಒಲ್ಲೆ ಎನ್ನುತ್ತಿದ್ದುದೇ ಆ ಫೈಲು.

ಮತ್ತೆ ತೆರೆದಾಗ ಉಳಿಸಿದ ಒಂದು ಪ್ರತಿ ಸಿಕ್ಕಿದೆ ಎಂದು ಎಡಿಟರು ತೋರಿಸಿತು. ಆಸೆಯಿಂದ ಒತ್ತಿದೆ. ನಲವತ್ತರಲ್ಲಿ ಒಂದೂ ಇರಲಿಲ್ಲ. ಮೂರೇ ಸಾಲುಗಳಿದ್ದವು, ನಾನು ಟೈಪ್ ಮಾಡದ ಸಾಲುಗಳು. ಏನಿದು ಎಂಬ ಗಲಿಬಿಲಿಯಲ್ಲಿ ಗಟ್ಟಿಯಾಗಿ ಓದಿದೆ.

ಅಕ್ಕ ಮೆಲ್ಲಗೆ ಎದ್ದು ಕೂತಳು. “ಈ ಮುಗಿಸೂ ಪದ ನಿನಗ ಯಾರ ಹೇಳಿದ್ರು?”

ಯಾರೂ ಇಲ್ಲ, ಇದರಲ್ಲಿದೆ ಎಂದು ತೋರಿಸಿದೆ. ಪರದೆಯ ಸಾಲುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎರಡೂ ಕೈ ಜೋಡಿಸಿ, “ಹಂಗಾರ ಬೀಸೂದ ಮುಗೀತು,” ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಒಂದು ಪದವನ್ನೂ ಹೇಳಲಿಲ್ಲ. ಡಾಕ್ಟರು ತಿಂಗಳುಗಳ ಮಾತಾಡಿದ್ದರು; ಐದೇ ದಿನಕ್ಕೆ, ಗುರುವಾರ, ಹೋಗಿಬಿಟ್ಟಳು.

ಚಿಕ್ಕಂದಿನಲ್ಲಿ ಅಜ್ಜಿಯಿಂದ ಕೇಳಿದ್ದನ್ನು ನನ್ನ ಬೆರಳುಗಳೇ ಬರೆದಿರಬಹುದೆಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಏನನ್ನೂ ಬರೆಯಲೊಲ್ಲದ ಎಡಿಟರು ಅದೊಂದನ್ನೇ ಹೇಗೆ ಬರೆಯಿತು? ಲ್ಯಾಪ್‌ಟಾಪು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗುಗಳನ್ನು ಇಂದಿಗೂ ತೆಗೆದು ನೋಡುತ್ತೇನೆ, ಏನೂ ಸಿಗುವುದಿಲ್ಲ. ಆ ನಲವತ್ತರಲ್ಲಿ ಒಂದು ಸಾಲೂ ನೆನಪಿಗೆ ಬರುವುದಿಲ್ಲ. ಈ ಮೂರು ಸಾಲು ಮಾತ್ರ ಬಾಯಿಪಾಠವಾಗಿವೆ. ಅಂದು ಅವನ್ನು ಗಟ್ಟಿಯಾಗಿ ಓದದೆ ಸುಮ್ಮನಿದ್ದಿದ್ದರೆ ಅಕ್ಕ ಇನ್ನೂ ಕೆಲವು ದಿನ ಇರುತ್ತಿದ್ದಳೇ? ಯಾರನ್ನು ಕೇಳಲಿ?