ಹಾಫ್ ಟೈಮ್‌ನಲ್ಲಿ ಮುಚ್ಚಿದ ಪುಸ್ತಕ

ಕಾಕಾ ತಪ್ಪು ಕೇಳಿಸಿಕೊಂಡಿರಲಿಲ್ಲ. ತಪ್ಪು ಹೇಳಿದವಳು ನಾನು — ಆಮೇಲೆ ಹೇಳಿಲ್ಲವೆಂದು ಸಾಧಿಸಿದವಳೂ ನಾನೇ.

ಕಾಕಾ ನನ್ನ ತಂದೆಯ ತಮ್ಮ, ವಾಡಿ ಜಂಕ್ಷನ್‌ನಲ್ಲಿ ಪಾಯಿಂಟ್ಸ್‌ಮನ್. ಕೂಗಿ ಹೇಳಿದ ಲೈನ್ ನಂಬರು ಕೇಳಿಸಿಕೊಂಡು ಗಾಡಿಗೆ ಹಳಿ ಬದಲಿಸುವ ಕೆಲಸ. ಫುಟ್‌ಬಾಲ್ ಅಂದರೆ ಪ್ರಾಣ, ಇಂಗ್ಲಿಷ್ ಬಾರದು. ಸಿಮೆಂಟ್ ಫ್ಯಾಕ್ಟರಿಯ ಎಂಜಿನಿಯರ್ ಒಬ್ಬರಿಂದ ಮೊದಲ ವರ್ಲ್ಡ್ ಕಪ್ಪಿನ ಇತಿಹಾಸದ ಪುಸ್ತಕ ಎರವಲು ತಂದು, ಕಾನ್ವೆಂಟಿನಿಂದ ಹಾಲಿಡೇಗೆ ಬಂದಿದ್ದ ನನ್ನ ಮುಂದಿಟ್ಟರು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಯುರೋಪಿನವರು ಹಡಗು ಹತ್ತಿ ಉರುಗ್ವೆಗೆ ಹೋದದ್ದು, ಫೈನಲ್‌ಗೆ ಯಾರ ಚೆಂಡೆಂದು ಜಗಳವಾಗಿ ಅರ್ಧ ಆಟ ಒಬ್ಬರ ಚೆಂಡಿನಲ್ಲಿ, ಉಳಿದರ್ಧ ಇನ್ನೊಬ್ಬರದರಲ್ಲಿ ಆಡಿದ್ದು —

“ನಮ್ಮ ವಾಡಿ ಮಂದೀನೇ ಹೋಗಿ ಆಡಿಧಾಂಗ ಅದ ನೋಡವಾ,” ಎಂದು ನಕ್ಕಿದ್ದರು.

ಪುಸ್ತಕ ಮರಳಿಸುವ ದಿನ ನಾನು ಗೆಳತಿಯರ ಜೊತೆ ಶಹಾಬಾದಿಗೆ ಮ್ಯಾಟಿನಿಗೆ ಹೊರಟಿದ್ದೆ. ಫೈನಲ್‌ನ ಹಾಫ್ ಟೈಮ್‌ವರೆಗೆ ಓದಿದೆ — ಅರ್ಜೆಂಟೀನಾ ಎರಡು, ಉರುಗ್ವೆ ಒಂದು. ಪುಟ ತಿರುವಲಿಲ್ಲ. “ಅರ್ಜೆಂಟೀನಾ ಗೆದ್ದಿತು ಕಾಕಾ,” ಎಂದು ಮುಚ್ಚಿದೆ.

ರೈಲ್ವೆ ಕಾಲನಿಯ ಟೂರ್ನಮೆಂಟಿನ ಬಹುಮಾನದ ದಿನ ಕಾಕಾ ಮೈಕಿನಲ್ಲಿ ಅದನ್ನೇ ಹೇಳಿದರು. ಎಂಜಿನಿಯರ್ ಎದ್ದು, ಗೆದ್ದದ್ದು ಉರುಗ್ವೆ ಎಂದು ತಿದ್ದಿದರು. ಗುಂಪಿನಲ್ಲಿ ಯಾರೋ ಕೂಗಿದರು: “ಮಾಮಾ, ಗಾಡೀನೂ ಹಿಂಗೇ ಬ್ಯಾರೆ ಲೈನಿಗಿ ಬಿಡ್ತೀಯೇನು?”

ಕಾಕಾ ಮನೆಗೆ ಬಂದು ಕೇಳಿದರು: “ಬೇಬಿ, ಯಾರು ಗೆದ್ರಂತ ಓದಿದ್ದೆವಾ?”

“ಉರುಗ್ವೆ. ನೀನೇ ತಪ್ಪು ಕೇಳಿಸ್ಕೊಂಡಿ.”

ಸಿಟ್ಟಾಗಲಿಲ್ಲ. “ಹಂಗಾದ್ರ ಕಿವಿ ಹೋದ್ವು,” ಎಂದರು, ಅಷ್ಟೇ.

ಮರುವಾರ ತಾವೇ ಸ್ಟೇಷನ್ ಮಾಸ್ತರರ ಬಳಿ ಹೋಗಿ, ಪಾಯಿಂಟ್ಸ್ ಕೆಲಸ ನನಗೆ ಬೇಡ, ನಂಬರು ತಪ್ಪು ಕೇಳಿದರೆ ಜನ ಸಾಯುತ್ತಾರೆ ಎಂದರು. ಡಾಕ್ಟರು ಕಿವಿ ಸರಿ ಇವೆ ಎಂದರೂ ಒಪ್ಪಲಿಲ್ಲ. “ನಮ್ಮ ಬೇಬಿ ಸುಳ್ಳು ಹೇಳ್ತಾಳೇನ್ರಿ?” ರಿಟೈರ್ ಆಗುವವರೆಗೂ ಸ್ಟೋರ್ ರೂಮಿನಲ್ಲಿ ಸಿಗ್ನಲ್ ಲ್ಯಾಂಪು ಒರೆಸಿದರು. ಪ್ರತಿ ಹಾಲಿಡೇಗೂ ನೋಡಿದೆ. ಹೇಳಲಿಲ್ಲ. ಪ್ರೈಡ್ ಇರಬೇಕು, ಅಥವಾ — ಗೊತ್ತಿಲ್ಲ.

ಕಾಕಾ ಈಗಿಲ್ಲ. ಕಳೆದ ವಾರ ಅವರ ಮಗಳು ಸೇಡಂನ ನನ್ನ ಮನೆಗೆ ಬಂದು ಆ ನೋಟ್‌ಬುಕ್ ಕೊಟ್ಟು ಹೋದಳು. ಅರ್ಜೆಂಟೀನಾ ಎಂಬುದನ್ನು ಹೊಡೆದುಹಾಕಿ ಉರುಗ್ವೆ ಎಂದು ಬರೆದಿದ್ದಾರೆ. ಪಕ್ಕದಲ್ಲಿ ಸಣ್ಣಗೆ: ‘ಬೇಬಿ ಸರಿಯಾಗಿ ಓದಿದ್ದಳು. ತಪ್ಪು ನನ್ನ ಕಿವಿಯದು.’

ಅಳು ಬರಲಿಲ್ಲ. ನಾಳೆ ಪ್ಯಾಸೆಂಜರ್ ಹಿಡಿದು ವಾಡಿಗೆ ಹೋಗುತ್ತೇನೆ. ಕಾಕಾರ ಮಗಳ ಎದುರು ಕೂತು, ಎಲ್ಲ ಹೇಳಿ, ಆ ಸಾಲು ಹೊಡೆದುಹಾಕುತ್ತೇನೆ.