ಅಕ್ಕ ಕೈ ಹಾಕಿ ನೋಡುತ್ತಿದ್ದ ರಾಶಿ

ಕಣಕ್ಕೆ ಮೆಣಸಿನಕಾಯಿ ಬಂತೆಂದರೆ ಊರಿಗೆ ಊರೇ ಸೀನುತ್ತಿದ್ದ ಕಾಲ ಅದು. ಬ್ಯಾಡಗಿ, ಮೋಟೆಬೆನ್ನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಮ್ಮ ತಲೆದಿಂಬು, ಪಾಟಿಚೀಲ, ಕುಡಿಯುವ ನೀರು ಎಲ್ಲಕ್ಕೂ ಅದೇ ವಾಸನೆ. ಬಿಸಿ ರೊಟ್ಟಿಗೆ ಕೆಂಪುಗಾಯಿಯ ರಂಜಕ ಹಚ್ಚಿಕೊಂಡು ತಿಂದು, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅಳದ ಮಗು ನಮ್ಮ ಓಣಿಯಲ್ಲಿ ಇರಲಿಲ್ಲ.

ನನಗಾಗ ಹತ್ತು ವರ್ಷ. ಅಕ್ಕ ರತ್ನಾ ಹತ್ತನೆಯ ತರಗತಿಯಲ್ಲಿದ್ದಳು. ಅಪ್ಪನಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಅವ್ವನಿಗೂ ಇಲ್ಲ. ಅಂಥ ಅಪ್ಪ ‘ಪಾಸಾದರ ಬ್ಯಾಡಗಿ ಕಾಲೇಜಿಗೆ ಕಳಸ್ತೇನಿ’ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಆ ಮಾತು ನಮ್ಮ ಓಣಿಗೆ ಸಣ್ಣದೇನಲ್ಲ. ‘ಹೆಣ್ಣ ಹುಡಿಗಿ ಬಸ್ ಹತ್ತಿ ಹೋಗಾಕಿ ಅಂತ’ ಎಂದು ನಕ್ಕವರೂ ಇದ್ದರು.

ಹೊಲದಿಂದ ತಂದ ಹಣ್ಣುಗಾಯಿಯನ್ನು ಮೊದಲು ಒಂದೆರಡು ದಿನ ರಾಶಿ ಹಾಕಿ ಮುಚ್ಚಿಡುತ್ತಾರೆ, ಬಣ್ಣ ಸಮನಾಗಿ ಏರಲಿ ಎಂದು. ಆಮೇಲೆ ಹರವಿ ಒಣಗಿಸುವುದು. ಮುಚ್ಚಿಟ್ಟ ರಾಶಿ ಮೇಲೆ ತಣ್ಣಗೇ ಇರುತ್ತದೆ. ಒಳಗೆ ಮಾತ್ರ ಹಸಿಕಾಯಿ ಒತ್ತಿಕೊಂಡು ಕುದಿಯುತ್ತಿರುತ್ತದೆ. ಕಾವು ಮಿತಿ ಮೀರಿದರೆ ಕಾಯಿ ಕಪ್ಪಾಗುತ್ತದೆ, ಬೂಸಲು ಹಿಡಿಯುತ್ತದೆ. ಅದನ್ನು ತಿಳಿಯಲು ಒಂದೇ ದಾರಿ. ತೋಳು ಭುಜದ ತನಕ ಒಳಗೆ ಹೋಗಬೇಕು.

ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ಕಣ್ಣು ಮುಚ್ಚಿ, ಕೆನ್ನೆಯನ್ನು ರಾಶಿಗೆ ಆನಿಸಿ ಕೈ ಹಾಕುತ್ತಿದ್ದಳು.

“ಬಂದ್ಳು ನೋಡ್ರಿ ಡಾಕ್ಟರಬಾಯಿ! ಎಷ್ಟೈತಿ ಜ್ವರ?” ಎಂದು ಅಜ್ಜಿ ಕಟ್ಟೆಯ ಮೇಲಿಂದ ಕೂಗುತ್ತಿದ್ದಳು.

“ನಿನಗಿಂತ ಕಡಿಮಿ ಐತಿ ಅಜ್ಜಿ. ಕಷಾಯ ಬ್ಯಾಡಂತ.”

ಆ ವರ್ಷ ಕಾಯಿ ಬಿಡಿಸುತ್ತಿದ್ದಾಗಲೇ ಮೋಡ ಕವಿಯಿತು. ಬಿಸಿಲಿಲ್ಲದೆ ಹರವುವಂತಿಲ್ಲ. ತಾಡಪತ್ರಿ ಹೊದಿಸಿದ ರಾಶಿ ಹಾಗೇ ಉಳಿಯಿತು. ಅದೇ ಹೊತ್ತಿಗೆ ಅಕ್ಕನಿಗೆ ಪೂರ್ವಸಿದ್ಧತಾ ಪರೀಕ್ಷೆ. ಅಪ್ಪ, ಅವ್ವ ಬೆಳಗಾದರೆ ಹೊಲಕ್ಕೆ ಹೋಗಿಬಿಡುತ್ತಿದ್ದರು. ಅಕ್ಕ ಜಡೆ ಹೆಣೆದುಕೊಳ್ಳುತ್ತಲೇ ನನ್ನನ್ನು ಕರೆದಳು.

“ಸುಮ್ಮೀ, ಇವತ್ತ ನಾಳೆ ನೀನ ಕೈ ಹಾಕಿ ನೋಡು. ಭುಜದ ತನಕ ಹಾಕಬೇಕ ಮತ್ತ. ಬಿಸಿ ಹತ್ತಿತಂದ್ರ ಓಡಿಹೋಗಿ ಅವ್ವನ ಕರಿ. ಮಾಡ್ತೀಯಿಲ್ಲ?”

“ಮಾಡ್ತೇನಿ ಹೋಗ.”

ಹಿಂದಿನ ದಿನ ಕುಂಟಾಬಿಲ್ಲಿ ಆಡುವಾಗ ಬಿದ್ದು ನನ್ನ ಮೊಣಕೈ ತರಚಿತ್ತು. ಗಾಯಕ್ಕೆ ಮೆಣಸಿನಕಾಯಿ ತಗಲಿದರೆ ಹೇಗಿರುತ್ತದೆ ಎಂದು ಓದುವ ನಿಮಗೂ ಗೊತ್ತು. ತಾಡಪತ್ರಿ ಎತ್ತಿ ಮುಂಗೈ ಮುಳುಗುವಷ್ಟು ಮಾತ್ರ ಹಾಕಿದೆ. ತಣ್ಣಗಿತ್ತು. ಮರುದಿನವೂ ಅಷ್ಟೇ.

ಸಂಜೆ ಬಂದ ಅಕ್ಕ ಎರಡು ದಿನವೂ ಕೇಳಿದಳು. “ಹೆಂಗೈತಿ?”

“ತಣ್ಣಗೈತಿ.”

“ಭುಜದ ತನಕ?”

“ಹ್ಞೂಂ ಅಂದೆ ಅಲ್ಲ!”

ಅಪ್ಪ ಹೊಲದಿಂದ ಬಂದು ಅವಳನ್ನು ಕೇಳಿದಾಗ ಅವಳು ಪುಸ್ತಕದಿಂದ ತಲೆಯೆತ್ತಿ ನನ್ನ ಮಾತನ್ನೇ ಹೇಳಿದಳು. “ತಣ್ಣಗೈತಪ್ಪಾ.”

ಮೂರನೆಯ ದಿನ ಬಿಸಿಲು ಬಿತ್ತು. ಅಪ್ಪ ಹರವಲೆಂದು ರಾಶಿಯನ್ನು ಎಳೆದ. ಒಳಗಿನಿಂದ ಹಬೆ ಎದ್ದಿತು. ಹುಳಿಬಂದ ವಾಸನೆ. ನಡುವಿನ ಕಾಯೆಲ್ಲ ಕಪ್ಪು, ಮೇಲೆ ಬೂದಿ ಚೆಲ್ಲಿದಂತೆ ಬೂಸಲು. ಅಪ್ಪ ಒಂದು ಕಾಯಿಯನ್ನು ಎತ್ತಿ ಹಿಚುಕಿದ. ಅದು ಬೆರಳಿಗೆ ಅಂಟಿಕೊಂಡಿತು.

“ತಣ್ಣಗೈತಿ ಅಂದಿದ್ದೆಲ್ಲವಾ ರತ್ನಾ?”

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ಕೈ ಹಾಕಿದ್ದಿಲ್ಲಪ್ಪಾ. ಓದೂದ್ರಾಗ ಬಿಟ್ಟಬಿಟ್ಟೆ,” ಅಂದಳು.

ಅಪ್ಪ ಕೂಗಾಡುವ ಮನುಷ್ಯನಲ್ಲ. ಕಪ್ಪಾದ ಕಾಯಿಯನ್ನು ಬೇರೆ ಮಾಡುತ್ತ ಮೆಲ್ಲಗೆ ಕೇಳಿದ. “ಸುಳ್ಳ ಹೇಳಾಕ ಕಲಿಸ್ತಾರೇನ ಸಾಲ್ಯಾಗ?” ಇನ್ನೊಂದು ಹಿಡಿ ಕಾಯಿಯನ್ನು ಆಚೆ ಹಾಕಿ, “ಸಾಕು ಕಲ್ತದ್ದು.”

ಆ ದಿನ ಮಧ್ಯಾಹ್ನ ಅಕ್ಕ ನನಗೆ ನೀರು ಹಾಕುವಾಗ ಮೊಣಕೈ ಹಿಡಿದು ತಿರುಗಿಸಿ ನೋಡಿದಳು. ಗಾಯ ಒಣಗುತ್ತಿತ್ತು, ಸುತ್ತಲ ಚರ್ಮ ಕೆಂಪಾಗಿರಲಿಲ್ಲ.

“ಉರೀಲಿಲ್ಲೇನ ಇದು?”

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳಿಗೆ ತಿಳಿಯಿತು. ಇನ್ನೆರಡು ತಂಬಿಗೆ ನೀರು ಹಾಕಿ, ಗಾಯಕ್ಕೆ ಕೊಬ್ಬರಿ ಎಣ್ಣೆ ಸವರಿದಳು.

“ಅಪ್ಪನ ಮುಂದ ಬಾಯಿ ಬಿಡಬ್ಯಾಡ. ನಿನ್ನೂ ಸಾಲಿ ಬಿಡಸ್ತಾನ.”

ಆಗ ನನಗೆ ದುಃಖವಾಗಲಿಲ್ಲ. ನಿರಾಳವಾಯಿತು. ಇಷ್ಟು ವರ್ಷ ನನ್ನನ್ನು ಕಾಡಿದ್ದು ಆ ಸುಳ್ಳಿಗಿಂತ ಹೆಚ್ಚಾಗಿ ಆ ನಿರಾಳ.

ಪರೀಕ್ಷೆಗೆ ಮಾತ್ರ ಅಪ್ಪ ಅಡ್ಡ ಬರಲಿಲ್ಲ. ಅಕ್ಕ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಷ್ಟರಲ್ಲಿ ಕುಪ್ಪೇಲೂರಿನ ಗಂಡಿನ ಕಡೆಯವರು ಬಂದು ಅವಳನ್ನು ನೋಡಿಕೊಂಡು ಹೋಗಿಯಾಗಿತ್ತು. ಫಲಿತಾಂಶ ಬಂದ ದಿನ ಅಪ್ಪ ಪಡಸಾಲೆಯಲ್ಲಿ ಒಬ್ಬನೇ ಕೂತು ಚಹಾ ಕುಡಿಯುತ್ತಿದ್ದ. ಮುಖ ಮೆತ್ತಗಾಗಿತ್ತು. ಹೇಳಿದ್ದರೆ ಆಗ ಹೇಳಬೇಕಿತ್ತು. ಬಾಗಿಲ ತೋಳು ಹಿಡಿದು ನಿಂತೇ ಇದ್ದೆ.

“ಏನವಾ?” ಅಂದ ಅಪ್ಪ.

“ಏನಿಲ್ಲ,” ಎಂದು ಕೊಡ ತೆಗೆದುಕೊಂಡು ನೀರಿಗೆ ಹೋದೆ. ಮಳೆಗಾಲ ಹಿಡಿಯುವ ಮೊದಲೇ ಅಕ್ಕನ ಮದುವೆಯಾಯಿತು.

ನನ್ನ ಓದು ನಿಲ್ಲಬಹುದಾಗಿದ್ದ ಪ್ರತಿ ಸಲವೂ ಅಕ್ಕ ಶೇಂಗಾದ ಚೀಲ ಹಿಡಿದುಕೊಂಡು ಕುಪ್ಪೇಲೂರಿನಿಂದ ಬರುತ್ತಿದ್ದಳು. ಹೈಸ್ಕೂಲಿಗೆ, ಬ್ಯಾಡಗಿಗೆ, ಆಮೇಲೆ ಧಾರವಾಡಕ್ಕೆ. ಅಪ್ಪನೆದುರು ಕೂತು ಒಂದೇ ಮಾತು. “ಸುಮ್ಮಿ ನನ್ನಂಗಲ್ಲಪ್ಪಾ, ಸುಳ್ಳ ಹೇಳೂದಿಲ್ಲ. ಆಕಿನ್ನ ಓದ್ಸು.” ನಾನು ಒಳಗೆ ನಿಂತು ಕೇಳುತ್ತಿದ್ದೆ.

ಓದಿದೆ. ಹಾಸ್ಟೆಲಿನ ತಿಳಿಸಾರು ಉಂಡು, ಇಂಗ್ಲಿಷ್ ಬಾರದ್ದಕ್ಕೆ ನಗೆಪಾಟಲಾಗಿ ಓದಿದೆ. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಈಗ ನಾನು ಖಗೋಳ ವಿಜ್ಞಾನಿ. ನಕ್ಷತ್ರಗಳು ಹುಟ್ಟುವುದನ್ನು ಅಭ್ಯಾಸ ಮಾಡುತ್ತೇನೆ. ಆಕಾಶದಲ್ಲಿ ಕಪ್ಪಗಿನ, ವಿಪರೀತ ತಣ್ಣನೆಯ ಮೋಡಗಳಿವೆ. ಅವುಗಳೊಳಗೆ ಅನಿಲ, ಧೂಳು ತಮ್ಮ ಭಾರಕ್ಕೆ ತಾವೇ ಕುಸಿದು, ಒತ್ತಿಕೊಂಡು, ಕಾವು ಏರಿ ನಕ್ಷತ್ರವಾಗುತ್ತವೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಳಗಿನ ಕಾವನ್ನು ಅಳೆಯುವುದೇ ನನ್ನ ಉದ್ಯೋಗ.

ಒಮ್ಮೆ ಊರಿಗೆ ಬಂದಾಗ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. “ಅಲ್ಲಿ ಕೈ ಹಾಕಾಕ ಬರೂದಿಲ್ಲಲ್ಲ. ಹೆಂಗ ತಿಳೀತೈತಿ?”

“ಕಾವು ಹೊರಗ ಬರ್ತೈತಕ್ಕಾ, ನಮ್ಮ ಕಣ್ಣಿಗೆ ಕಾಣದಂಥ ಬೆಳಕಾಗಿ. ಅದಕ್ಕ ಬ್ಯಾರೆ ದುರ್ಬೀನು ಇರ್ತಾವು.”

“ಹಂಗಾರ ಚಲೋ ಆತು ಬಿಡು,” ಎಂದು ಮತ್ತೆ ಸುಲಿಯತೊಡಗಿದಳು. ಅವಳು ಕೊಂಕು ಆಡಿದಳೋ, ಖರೇನೇ ಸಂತೋಷಪಟ್ಟಳೋ, ನಾನು ಕೇಳಲಿಲ್ಲ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಕಾಮಾಲೆಯಾಗಿ ಅಕ್ಕನೂ ಹೋದಳು. ಹೋದ ಸಲ ಊರಿಗೆ ಬಂದಾಗ ಶಾಲೆಯವರು ಕರೆದು ನನಗೆ ಶಾಲು ಹೊದಿಸಿದರು. ‘ಅಕ್ಷರ ಬಾರದ ಮನೆತನದಿಂದ ಬಂದ ಮೊದಲ ಪದವೀಧರೆ’ ಎಂದು ಗುರುಗಳು ಮೈಕಿನಲ್ಲಿ ಹೇಳಿದರು. ನನ್ನ ಸರದಿ ಬಂದಾಗ, ಬರೆದು ತಂದ ಹಾಳೆಯನ್ನು ಮಡಿಚಿಟ್ಟೆ.

“ಮೊದಲನೆಯವಳು ನಾನಲ್ಲ. ನಮ್ಮಕ್ಕ ರತ್ನಾ ಆಗಬೇಕಿತ್ತು. ಆಕಿ ಸುಳ್ಳು ಹೇಳಿರಲಿಲ್ಲ. ಹೇಳಿದಾಕಿ ನಾನು.”

ಮಕ್ಕಳು ಮಿಕಿಮಿಕಿ ನೋಡಿದರು. ಮುಂದಿನ ಸಾಲಿನಲ್ಲಿ ಯಾರೋ ಹಿರಿಯರು “ನೋಡ್ರಿ, ಎಷ್ಟು ಕಲ್ತರೂ ಒಂಚೂರೂ ಸೊಕ್ಕ ಇಲ್ಲ!” ಎಂದು ಪಕ್ಕದವರಿಗೆ ಹೇಳಿ ಕೈ ತಟ್ಟಿದರು. ನನ್ನ ಮಾತನ್ನು ವಿನಯ ಎಂದುಕೊಂಡು ಉಳಿದವರೂ ತಟ್ಟಿದರು. ಕೇಳಿಸಿಕೊಳ್ಳಬೇಕಾಗಿದ್ದವನು ಇರಲಿಲ್ಲ, ಸಾಕು ಸುಮ್ಮನಿರು ಎನ್ನಬಹುದಾಗಿದ್ದವಳೂ ಇರಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಶಾಲು ಹಿಡಿದುಕೊಂಡು ನಿಂತಿದ್ದೆ.